ನೋಡದೆ ಹಚ್ಚುವ ಮುಲಾಮು

ಹೆಂಗಸರ ಆರೋಗ್ಯ ಎಂದೊಡನೆ ನಮ್ಮ ಮಾತು ಗರ್ಭಕೋಶಕ್ಕೆ ಹೋಗುತ್ತದೆ, ಹೆರಿಗೆಗೆ ಹೋಗುತ್ತದೆ. ಈಚೆಗೆ ಸ್ತನದ ಗಂಟಿನ ಬಗ್ಗೆಯೂ ಧೈರ್ಯವಾಗಿ ಮಾತಾಡುತ್ತೇವೆ. ಹೊರ ಜನನಾಂಗದ ವಿಷಯ ಮಾತ್ರ ಇನ್ನೂ ಬಾಯಿಗೆ ಬರುವುದಿಲ್ಲ. ಯೋನಿದ್ವಾರದ ಎರಡೂ ಬದಿಯ ಮಡಿಕೆಗಳು, ಮೂತ್ರದ್ವಾರದ ಸುತ್ತಮುತ್ತ, ಅಲ್ಲಿಂದ ಗುದದ್ವಾರದವರೆಗಿನ ಚರ್ಮ, ಇಷ್ಟು ಜಾಗದ ಮಾತು ಇದು. ಅಲ್ಲಿ ತುರಿಕೆ ಬರುತ್ತದೆ, ಉರಿ ಬರುತ್ತದೆ, ಚರ್ಮ ಬೆಳ್ಳಗಾಗುತ್ತದೆ, ಗಂಟು ಏಳುತ್ತದೆ, ಹುಣ್ಣಾಗುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಒಳ್ಳೆಯ ಔಷಧಿ ಇದೆ, ಅದು ದುಬಾರಿಯೂ ಅಲ್ಲ. ಹೀಗಿದ್ದೂ ವರ್ಷಗಟ್ಟಲೆ ನರಳುವವರಿದ್ದಾರೆ. ಕಾರಣ ಇಷ್ಟೇ: ಹೇಳಿದ್ದನ್ನು ಕೇಳಿ ಔಷಧಿ ಕೊಡುತ್ತಾರೆ, ಕೊಟ್ಟದ್ದನ್ನು ತಂದು ಹಚ್ಚಿಕೊಳ್ಳುತ್ತಾರೆ, ನಡುವೆ ಯಾರೂ ಆ ಜಾಗವನ್ನು ನೋಡಿರುವುದಿಲ್ಲ. ಈ ಕಾಯಿಲೆಗಳ ಮಟ್ಟಿಗೆ ನೋಡುವುದೇ ಅರ್ಧ ಚಿಕಿತ್ಸೆ ಎಂಬುದು ನನ್ನ ವಾದ. ಯಾಕೆಂದರೆ ಒಬ್ಬಳನ್ನು ಉಳಿಸುವ ಮುಲಾಮು ಇನ್ನೊಬ್ಬಳ ಚರ್ಮವನ್ನು ಹಾಳುಮಾಡುತ್ತದೆ, ಮತ್ತು ಇಬ್ಬರೂ ಹೇಳಿಕೊಳ್ಳುವುದು ಒಂದೇ ಮಾತು, "ಕೆಳಗೆ ಕಡಿತ."

ನಮ್ಮ ಭದ್ರಾವತಿಯ ಜನ್ನಾಪುರವನ್ನೇ ತೆಗೆದುಕೊಳ್ಳಿ. ಉಕ್ಕಿನ ಕಾರ್ಖಾನೆಯಲ್ಲೋ ಕಾಗದದ ಕಾರ್ಖಾನೆಯಲ್ಲೋ ದುಡಿದು ನಿವೃತ್ತರಾದವರ ಮನೆಗಳು ಅಲ್ಲಿ ಹಲವು. ಅಂದರೆ ಅರುವತ್ತು ದಾಟಿದ ಹೆಂಗಸರಿದ್ದಾರೆ, ಸಕ್ಕರೆ ಕಾಯಿಲೆಯಿದೆ, ಮಳೆಗಾಲದಲ್ಲಿ ನಾಲ್ಕು ದಿನವಾದರೂ ಒಣಗದ ಬಟ್ಟೆಯಿದೆ. ಇಲ್ಲಿ ತುರಿಕೆ ಶುರುವಾದರೆ ಮೊದಲ ವಾರ ಅದನ್ನು ಉಷ್ಣ ಎನ್ನುತ್ತಾರೆ. ಎಳನೀರು, ಮಜ್ಜಿಗೆ ಆಗುತ್ತದೆ. ಎರಡನೆಯ ವಾರ ಮನೆಯ ಯಾರೋ ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳುತ್ತಾರೆ. ಯಾರಿಗೆ, ಎಲ್ಲಿಗೆ ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಕೈಗೆ ಬರುವ ಟ್ಯೂಬಿನ ಮೇಲಿನ ಸಣ್ಣಕ್ಷರಗಳನ್ನು ಓದಿದರೆ ಬಹಳ ಸಲ ಮೂರು ಔಷಧಿಗಳ ಹೆಸರಿರುತ್ತದೆ: ಫಂಗಸ್ಸಿಗೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಕ್ಲೋಬೆಟಾಸಾಲ್ ಎಂಬ ತೀಕ್ಷ್ಣ ಸ್ಟೀರಾಯ್ಡ್. ಯಾವ ಕಾಯಿಲೆಯಾದರೂ ಒಂದಲ್ಲ ಒಂದು ತಗಲಲಿ ಎಂಬ ಲೆಕ್ಕಾಚಾರ. ಹಚ್ಚಿದ ಎರಡೇ ದಿನಕ್ಕೆ ಕಡಿತ ನಿಲ್ಲುತ್ತದೆ, ಏಕೆಂದರೆ ಸ್ಟೀರಾಯ್ಡ್ ಉರಿಯೂತವನ್ನು ತಕ್ಷಣ ಅಡಗಿಸುತ್ತದೆ. ಆದರೆ ಅಲ್ಲಿದ್ದದ್ದು ತೊಡೆಸಂದಿಯ ಹುಳುಕಡ್ಡಿಯಾಗಿದ್ದರೆ, ಸ್ಟೀರಾಯ್ಡ್ ಚರ್ಮದ ತಡೆಯನ್ನು ಕುಗ್ಗಿಸಿ ಫಂಗಸ್ಸಿಗೆ ದಾರಿ ಬಿಟ್ಟುಕೊಡುತ್ತದೆ. ಹಚ್ಚುವುದು ನಿಲ್ಲಿಸಿದೊಡನೆ ಮೊದಲಿಗಿಂತ ಅಗಲವಾಗಿ ಹರಡುತ್ತದೆ, ಅಂಚು ಮಸುಕಾಗಿ ಗುರುತು ಸಿಗುವುದೂ ಕಷ್ಟವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಯ ಒಳಬದಿಯ ಚರ್ಮ ತೆಳುವಾಗಿ ಕೆಂಪು ಗೀರುಗಳು ಬೀಳುತ್ತವೆ. ಆ ಗೀರುಗಳು ಆಮೇಲೆ ಹೋಗುವುದಿಲ್ಲ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ದೇಶದಲ್ಲೆಲ್ಲ ಹುಳುಕಡ್ಡಿ ಮೊಂಡಾಗಿರುವುದಕ್ಕೆ ಈ ಮೂರು ಬೆರಕೆಯ ಮುಲಾಮುಗಳೂ ದೊಡ್ಡ ಕಾರಣವೆಂದು ಚರ್ಮವೈದ್ಯರು ಹೇಳುತ್ತ ಬಂದಿದ್ದಾರೆ. ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಕೌಂಟರಿನ ಮುಂದೆ ಆ ನಿಯಮ ಎಷ್ಟು ನಿಲ್ಲುತ್ತದೆಂಬುದು ನಿಮಗೇ ಗೊತ್ತು.

ಇನ್ನೊಂದು ಮಾಮೂಲು ಕಾಯಿಲೆ ಕ್ಯಾಂಡಿಡಾ ಎಂಬ ಯೀಸ್ಟಿನದು. ಹೆಂಗಸರಲ್ಲಿ ನಾಲ್ವರಿಗೆ ಮೂವರು ಬದುಕಿನಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆ ಎಂಬುದು ವೈದ್ಯರ ಸಾಮಾನ್ಯ ಅಂದಾಜು. ಒಡೆದ ಮೊಸರಿನಂಥ ಬಿಳುಪು, ಕೆಂಪಗೆ ಊದಿದ ಚರ್ಮ, ಮೂತ್ರ ತಗುಲಿದರೆ ಉರಿ, ಇವು ಲಕ್ಷಣಗಳು. ದುರ್ವಾಸನೆ ಅಷ್ಟಾಗಿ ಇರುವುದಿಲ್ಲ. ಮೀನಿನ ವಾಸನೆಯಿದ್ದು ತುರಿಕೆ ಇಲ್ಲದಿದ್ದರೆ ಅದು ಬೇರೆಯೇ ಸೋಂಕು, ಅದಕ್ಕೆ ಮೆಟ್ರೊನಿಡಜೋಲ್ ಬೇಕು. ಕ್ಯಾಂಡಿಡಾಕ್ಕೆ ರಾತ್ರಿ ಒಳಗಿಡುವ ಕ್ಲೋಟ್ರಿಮಜೋಲ್ ಮಾತ್ರೆ, ಇಲ್ಲವೇ ಬಾಯಿಂದ ನುಂಗುವ 150 ಮಿಲಿಗ್ರಾಂ ಫ್ಲುಕೊನಜೋಲ್ ಒಂದೇ ಗುಳಿಗೆ ಸಾಕಾಗುತ್ತದೆ. ಬಸುರಿಯರು ಮಾತ್ರ ಈ ನುಂಗುವ ಗುಳಿಗೆಯನ್ನು ತೆಗೆದುಕೊಳ್ಳಬಾರದು. ಒಮ್ಮೆ ಬಂದು ಹೋದರೆ ಚಿಂತೆಯಿಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಬಂದರೆ ರಕ್ತದ ಸಕ್ಕರೆ ನೋಡಿಸಬೇಕು. ಎಷ್ಟೋ ಹೆಂಗಸರಲ್ಲಿ ಸಕ್ಕರೆ ಕಾಯಿಲೆ ಮೊದಲು ಪತ್ತೆಯಾಗುವುದು ಹೀಗೆ. ಸಕ್ಕರೆ ಕಾಯಿಲೆಗೆ ಈಗಾಗಲೇ ಮಾತ್ರೆ ನುಂಗುತ್ತಿರುವವರು ಮಾತ್ರೆಯ ಹೆಸರನ್ನೂ ಓದಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ರಕ್ತದಲ್ಲಿನ ಸಕ್ಕರೆಯನ್ನು ಮೂತ್ರದ ದಾರಿಯಲ್ಲಿ ಹೊರಹಾಕುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಅವುಗಳಿಂದ ನಿಜವಾಗಿ ಲಾಭವಿದೆ. ಮೊದಲನೆಯದರ ಪೇಟೆಂಟ್ 2020ರಲ್ಲಿ, ಎರಡನೆಯದರದು 2025ರಲ್ಲಿ ಮುಗಿದ ಮೇಲೆ ಬೆಲೆ ಇಳಿದು ಸಣ್ಣ ಊರುಗಳಿಗೂ ಬಂದಿವೆ. ಆದರೆ ಸಿಹಿಮೂತ್ರ ಹರಿದುಹೋಗುವ ಜಾಗದಲ್ಲಿ ಯೀಸ್ಟ್ ಸೊಂಪಾಗಿ ಬೆಳೆಯುತ್ತದೆ. ಸಕ್ಕರೆಯ ವೈದ್ಯರಿಗೆ ತುರಿಕೆಯ ವಿಷಯ ಗೊತ್ತಿರುವುದಿಲ್ಲ, ತುರಿಕೆಗೆ ಔಷಧಿ ಕೊಟ್ಟವರಿಗೆ ಮಾತ್ರೆಯ ವಿಷಯ ಗೊತ್ತಿರುವುದಿಲ್ಲ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಕೊಟ್ಟ ವೈದ್ಯರಿಗೆ ತುರಿಕೆಯ ಸಂಗತಿ ತಿಳಿಸಿ.

ಈಗ ನಾನು ತುಸು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಕಾಯಿಲೆಗೆ ಬರುತ್ತೇನೆ. ಅದರ ಹೆಸರು ಲೈಕೆನ್ ಸ್ಕ್ಲೆರೋಸಸ್. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು, ಮೈನೆರೆಯದ ಹುಡುಗಿಯರಲ್ಲೂ ಉಂಟು. ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಚರ್ಮದ ಮೇಲೆ ತಿರುಗಿಬೀಳುವ ಬಗೆಯದು, ಹಾಗಾಗಿ ಥೈರಾಯ್ಡ್ ತೊಂದರೆ ಇರುವವರಲ್ಲಿ ಇದು ಹೆಚ್ಚು ಕಾಣುತ್ತದೆ. ರಾತ್ರಿ ನಿದ್ದೆಗೆಡಿಸುವ ಕಡಿತದಿಂದ ಶುರು. ಚರ್ಮ ತೆಳುವಾಗಿ, ಸುಕ್ಕುಗಟ್ಟಿ, ಹೊಳಪಿನ ಬಿಳುಪಿಗೆ ತಿರುಗುತ್ತದೆ. ಯೋನಿದ್ವಾರವನ್ನೂ ಗುದದ್ವಾರವನ್ನೂ ಸುತ್ತಿ 8ರ ಆಕಾರದಲ್ಲಿ ಹಬ್ಬುತ್ತದೆ. ತೊನ್ನಿನಲ್ಲೂ ಬಿಳುಪು ಬರುತ್ತದಲ್ಲ ಎಂದು ಕೇಳಬಹುದು. ತೊನ್ನಿನಲ್ಲಿ ಬಣ್ಣ ಮಾತ್ರ ಹೋಗಿರುತ್ತದೆ, ಚರ್ಮ ಮೆತ್ತಗೆ ಮೊದಲಿನಂತೆಯೇ ಇರುತ್ತದೆ, ತುರಿಕೆಯೂ ಸಾಮಾನ್ಯವಾಗಿ ಇಲ್ಲ. ಇಲ್ಲಿ ಹಾಗಲ್ಲ. ವರ್ಷಗಳು ಕಳೆದಂತೆ ಒಳಮಡಿಕೆಗಳು ಕರಗಿ ಪಕ್ಕದ ಚರ್ಮಕ್ಕೆ ಅಂಟಿಕೊಳ್ಳುತ್ತವೆ, ಯೋನಿದ್ವಾರ ಬಿಗಿದು ಕಿರಿದಾಗುತ್ತದೆ, ಬಿರುಕು ಬಿಡುತ್ತದೆ, ಮೂತ್ರದ ಧಾರೆ ಅಡ್ಡಾದಿಡ್ಡಿಯಾಗುತ್ತದೆ. ಒಮ್ಮೆ ಅಂಟಿದ್ದನ್ನು ಮುಲಾಮು ಬಿಡಿಸಲಾರದು. ಚಿಕಿತ್ಸೆ ಕಾಣದೆ ಉಳಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಇದು ಹೊಸ ಕಾಯಿಲೆಯೇನೂ ಅಲ್ಲ, 1880ರ ದಶಕದಲ್ಲೇ ಯೂರೋಪಿನ ವೈದ್ಯರು ಬರೆದಿಟ್ಟಿದ್ದಾರೆ. ಆ ಕಾಲದಿಂದ ಬಹಳ ವರ್ಷ ಆ ಚರ್ಮವನ್ನೇ ಕತ್ತರಿಸಿ ತೆಗೆಯುತ್ತಿದ್ದರು. ತೆಗೆದ ಗಾಯದ ಅಂಚಿನಲ್ಲಿ ಕಾಯಿಲೆ ಮತ್ತೆ ಬರುತ್ತಿತ್ತು.

ಇಂದು ಇದಕ್ಕೆ ಮೊದಲ ಔಷಧಿ ಯಾವುದು ಗೊತ್ತೇ? ಮೊದಲು ನಾನು ಬೈದ ಅದೇ ಕ್ಲೋಬೆಟಾಸಾಲ್. ಬೆರಕೆಯಿಲ್ಲದ, 0.05 ಶೇಕಡಾದ ಆಯಿಂಟ್‌ಮೆಂಟ್. ಮೊದಲ ತಿಂಗಳು ದಿನಕ್ಕೊಮ್ಮೆ ರಾತ್ರಿ, ಎರಡನೆಯ ತಿಂಗಳು ದಿನ ಬಿಟ್ಟು ದಿನ, ಮೂರನೆಯ ತಿಂಗಳು ವಾರಕ್ಕೆರಡು ಸಲ, ಇದು ಹೆಚ್ಚಿನ ಕಡೆ ಅನುಸರಿಸುವ ಕ್ರಮ. ಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಉದ್ದಕ್ಕೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಸಲಕ್ಕೆ ಅಷ್ಟು ಸಾಕು, 30 ಗ್ರಾಂ ಮೂರು ತಿಂಗಳು ಬರುತ್ತದೆ. ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ: ಅಷ್ಟು ನಾಜೂಕಿನ ಜಾಗಕ್ಕೆ ಅಷ್ಟು ತೀಕ್ಷ್ಣವಾದ ಸ್ಟೀರಾಯ್ಡೇ? ಔಷಧಿಯಂಗಡಿಯವರೂ ಹೆದರಿಸುತ್ತಾರೆ, ಪೊಟ್ಟಣದೊಳಗಿನ ಕಾಗದವೂ ಹೆದರಿಸುತ್ತದೆ, ಕೆಲವು ವೈದ್ಯರೂ ಹೆದರುತ್ತಾರೆ. ಆ ಹೆದರಿಕೆ ಆಧಾರವಿಲ್ಲದ್ದಲ್ಲ, ಹುಳುಕಡ್ಡಿಯವರ ಗತಿ ಈಗಷ್ಟೇ ಕೇಳಿದಿರಿ. ಆದರೆ 2015ರಲ್ಲಿ ಆಸ್ಟ್ರೇಲಿಯಾದಿಂದ ಪ್ರಕಟವಾದ ಒಂದು ಅಧ್ಯಯನವನ್ನು ಎದುರಿಗಿಡುತ್ತೇನೆ. ಲೈಕೆನ್ ಸ್ಕ್ಲೆರೋಸಸ್ ಇದ್ದ 507 ಹೆಂಗಸರನ್ನು ವರ್ಷಗಳ ಕಾಲ ಹಿಂಬಾಲಿಸಿ ನೋಡಿದರು. ಸ್ಟೀರಾಯ್ಡ್ ಮುಲಾಮನ್ನು ಹೇಳಿದ ಹಾಗೆ ತಪ್ಪದೆ ಹಚ್ಚಿಕೊಂಡವರು 357 ಮಂದಿ. ಅವರಲ್ಲಿ ಒಬ್ಬರಿಗೂ ಕ್ಯಾನ್ಸರ್ ಆಗಲಿ ಅದರ ಮುನ್ನಸ್ಥಿತಿಯಾಗಲಿ ಬರಲಿಲ್ಲ. ಮನಸ್ಸು ಬಂದಾಗ ಹಚ್ಚಿ ಬಿಟ್ಟ 150 ಮಂದಿಯಲ್ಲಿ ಏಳು ಜನರಿಗೆ ಬಂತು. ಅಲ್ಲಿ ಮುಲಾಮಿನ ಪ್ರಮಾಣವನ್ನು ಆಗಾಗ ಪರೀಕ್ಷಿಸಿ ಹೊಂದಿಸುತ್ತ ಹೋಗುತ್ತಿದ್ದರು ಎಂಬುದನ್ನೂ ಮರೆಯಬಾರದು. ಲೈಕೆನ್ ಸ್ಕ್ಲೆರೋಸಸ್ ಗಾಯಗೊಳಿಸಿದ ಚರ್ಮವನ್ನು ಈ ಔಷಧಿ ಸಹಜಕ್ಕೆ ತರುತ್ತದೆ, ಫಂಗಸ್ ಇರುವ ಚರ್ಮವನ್ನು ಸೋಲಿಸುತ್ತದೆ. ಎರಡರಲ್ಲಿ ಯಾವುದು ಎಂದು ಹೇಳಬೇಕಾದದ್ದು ಕಣ್ಣು. ಸಂದೇಹವಿದ್ದರೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಕೆಲವೇ ಮಿಲಿಮೀಟರಿನ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ನೋಡುವುದು ಎಷ್ಟು ಅಪರೂಪ ಎಂಬುದಕ್ಕೆ ಹಳೆಯ ಸಾಕ್ಷ್ಯವಿದೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ರಾಣಿ ಬಂಗ್ ಮತ್ತು ಅಭಯ್ ಬಂಗ್ ದಂಪತಿ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು, ಅದಕ್ಕೆ ಮೊದಲು ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ ಎಂಟೇ ಜನ. ನಮ್ಮ ಕರ್ನಾಟಕದಲ್ಲೇ ಈಚೆಗೆ ಹೆತ್ತಿದ್ದ ಸುಮಾರು 3600 ತಾಯಂದಿರನ್ನು ಮಾತಾಡಿಸಿ 1995ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಮೂವರಿಗೊಬ್ಬರು ಸ್ತ್ರೀರೋಗದ ಯಾವುದಾದರೊಂದು ಲಕ್ಷಣವಿದೆ ಎಂದರು. ಈ ಅಂಕಿಗಳು ಹಳೆಯವು, ಅಲ್ಲಿ ಎಣಿಸಿದ್ದೂ ಒಳಗಿನ ಹೊರಗಿನ ಎಲ್ಲ ತೊಂದರೆಗಳನ್ನು ಸೇರಿಸಿ. ಆದರೂ ಹೇಳಿಕೊಳ್ಳದ ನೋವು ಎಷ್ಟು ದೊಡ್ಡದು ಎಂಬುದನ್ನು ತೋರಿಸುತ್ತವೆ. ಆಮೇಲೆ ಸರ್ಕಾರ ಸುಮ್ಮನೆ ಕೂತಿಲ್ಲ. ಲಕ್ಷಣ ನೋಡಿ ಬಣ್ಣದ ಪೊಟ್ಟಣ ಕೊಡುವ ಪದ್ಧತಿ ಬಂತು. ಬಿಳಿಸೆರಗಿಗೆ ಹಸಿರು ಪೊಟ್ಟಣ: ಎರಡು ಗ್ರಾಂ ಸೆಕ್ನಿಡಜೋಲ್, 150 ಮಿಲಿಗ್ರಾಂ ಫ್ಲುಕೊನಜೋಲ್. ನೀರುಗುಳ್ಳೆಯ ಹುಣ್ಣಿಗೆ ಕೆಂಪು ಪೊಟ್ಟಣದಲ್ಲಿ ಅಸೈಕ್ಲೊವಿರ್. ದಿನಕ್ಕೆ ನೂರಾರು ರೋಗಿಗಳು ಬರುವ ಆಸ್ಪತ್ರೆಯಲ್ಲಿ ಒಬ್ಬೊಬ್ಬರನ್ನೂ ಮಲಗಿಸಿ ನೋಡಲು ಸಮಯವೆಲ್ಲಿದೆ, ಪೊಟ್ಟಣದಿಂದ ಬಹಳ ಜನಕ್ಕೆ ವಾಸಿಯಾಗಿಲ್ಲವೇ ಎಂದು ಕೇಳುವವರ ಮಾತಿನಲ್ಲಿ ನ್ಯಾಯವಿದೆ. ಸೋಂಕಿನ ಮಟ್ಟಿಗೆ ಆ ಪದ್ಧತಿ ಲಕ್ಷಾಂತರ ಹೆಂಗಸರಿಗೆ ನೆರವಾಗಿದೆ. ಆದರೆ ಆ ಪೊಟ್ಟಣಗಳೊಳಗೆ ಚರ್ಮದ ಕಾಯಿಲೆಗೆ ಔಷಧಿಯಿಲ್ಲ. ಆ ಪದ್ಧತಿಯ ಮಾರ್ಗಸೂಚಿಯೇ ಸಾಧ್ಯವಿದ್ದಲ್ಲಿ ಪರೀಕ್ಷೆ ಮಾಡಿ ಎನ್ನುತ್ತದೆ. ಲೈಕೆನ್ ಸ್ಕ್ಲೆರೋಸಸ್ ಇರುವಾಕೆಗೆ ಹಸಿರು ಪೊಟ್ಟಣವನ್ನು ಹತ್ತು ಸಲ ಕೊಟ್ಟರೂ ಕಡಿತ ನಿಲ್ಲುವುದಿಲ್ಲ. ನನ್ನ ದೂರು ಮೊದಲ ಪೊಟ್ಟಣದ ಮೇಲಿಲ್ಲ. ನೋಡದೆ ಎರಡನೆಯದನ್ನು ಕೊಡುವುದರ ಮೇಲಿದೆ.

ಮುಟ್ಟು ನಿಂತ ಮೇಲಿನ ಒಣಗುವಿಕೆಯೂ ಹೀಗೇ ಸೋಂಕಿನ ಲೆಕ್ಕಕ್ಕೆ ಹೋಗಿಬಿಡುತ್ತದೆ. ಈಸ್ಟ್ರೋಜನ್ ಇಳಿದಾಗ ಅಲ್ಲಿನ ಪೊರೆ ತೆಳುವಾಗಿ ಉರಿ, ಒಣಕು, ಪದೇ ಪದೇ ಉರಿಮೂತ್ರ ಬರುತ್ತವೆ. ಎದೆಹಾಲು ಕುಡಿಸುವ ತಾಯಂದಿರಲ್ಲೂ ಕೆಲಕಾಲ ಇದೇ ಸ್ಥಿತಿಯಿರುತ್ತದೆ. ಈಸ್ಟ್ರಿಯಾಲ್ ಕ್ರೀಮನ್ನು ಎರಡು ವಾರ ರಾತ್ರಿ, ಆಮೇಲೆ ವಾರಕ್ಕೆರಡು ಸಲ ಬಳಸಿದರೆ ಹಿತವಾಗುತ್ತದೆ. ಸ್ತನದ ಕ್ಯಾನ್ಸರ್ ಆಗಿದ್ದವರು ಮಾತ್ರ ಮೊದಲು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಬೇಕು. ಇನ್ನು ತೊಳೆಯುವ ವಿಚಾರ. ತುರಿಕೆ ಎಂದರೆ ಕೊಳೆ ಎಂಬ ನಂಬಿಕೆಯಿಂದ ಡೆಟಾಲ್ ನೀರು, ಬಟ್ಟೆಸೋಪು, ಪಟಿಕದ ನೀರು, ಬಿಸಿಬಿಸಿ ಬೇವಿನ ಕಷಾಯ ಎಲ್ಲ ಪ್ರಯೋಗವಾಗುತ್ತವೆ. ಯೋನಿಯೊಳಗೆ ಸಹಜವಾಗಿಯೇ ಹುಳಿಯಿದೆ, ಆ ಹುಳಿಯೇ ಅದರ ಕಾವಲು. ಅದನ್ನು ತೊಳೆದುಹಾಕಿದರೆ ಸೋಂಕಿಗೆ ಅನುಕೂಲ. ಹೊರಚರ್ಮವೋ, ಸೋಪಿನ ಕ್ಷಾರಕ್ಕೆ ಸಿಕ್ಕಿ ಸುಟ್ಟಂತಾಗಿ ಇನ್ನಷ್ಟು ತುರಿಸುತ್ತದೆ. ಮನೆಮದ್ದೆಲ್ಲ ಕೆಟ್ಟದ್ದೆಂದು ಹೇಳಲಾರೆ. ತಣ್ಣೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿದರೆ ಚರ್ಮಕ್ಕೆ ನಿಜವಾಗಿ ರಕ್ಷೆ ಸಿಗುತ್ತದೆ, ದುಬಾರಿ ವಾಶ್‌ಗಳಿಗಿಂತ ಅದೇ ಮೇಲು. ಬಟ್ಟೆಯ ಸಂಗತಿಯೂ ಇಲ್ಲೇ ಬರುತ್ತದೆ. ಒಳಬಟ್ಟೆಯನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಲ ಮೂಲೆಯಲ್ಲಿ, ಟವೆಲ್ಲಿನ ಅಡಿಯಲ್ಲಿ ಒಣಹಾಕುವ ರೂಢಿ ನಮ್ಮಲ್ಲಿದೆ. ಮಲೆನಾಡ ಸೆರಗಿನ ಜಡಿಮಳೆಯಲ್ಲಿ ಅದು ಎಂದಿಗೂ ಪೂರ್ತಿ ಒಣಗುವುದಿಲ್ಲ. ಹುಳುಕಡ್ಡಿಗೆ ಅಷ್ಟು ತೇವ ಸಾಕು. ಬಿಸಿಲಿಲ್ಲದ ದಿನ ಇಸ್ತ್ರಿಪೆಟ್ಟಿಗೆಯಾದರೂ ಆಡಿಸಿ. ಹುಳುಕಡ್ಡಿಯ ಔಷಧಿಯನ್ನು ವೈದ್ಯರು ಹೇಳಿದಷ್ಟು ವಾರ ನಡೆಸಿ, ಮನೆಯಲ್ಲಿ ಯಾರಿಗೆ ಇದೆಯೋ ಅವರೆಲ್ಲ ಒಟ್ಟಿಗೆ ತೆಗೆದುಕೊಳ್ಳಿ.

ಉಳಿದವುಗಳನ್ನು ಬೇಗ ಹೇಳುತ್ತೇನೆ. ಯೋನಿದ್ವಾರದ ಒಂದು ಬದಿಯಲ್ಲಿ, ಕೆಳಭಾಗದಲ್ಲಿ ಗಂಟು ಎದ್ದು ಕೂರಲಾರದಷ್ಟು ನೋವಾದರೆ ಅದು ಬಾರ್ತೊಲಿನ್ ಗ್ರಂಥಿಯ ಕೀವು. ತೆರೆದು ಕೀವು ಬಿಟ್ಟು, ಬಾಯಿ ಮತ್ತೆ ಮುಚ್ಚದಂತೆ ಹೊಲಿಯುವುದು ಸಣ್ಣ ಶಸ್ತ್ರಚಿಕಿತ್ಸೆ. ನಲವತ್ತು ದಾಟಿದವರಲ್ಲಿ ಹೊಸದಾಗಿ ಬಂದ ಗಂಟಾದರೆ ಚೂರು ತೆಗೆದು ನೋಡುವುದು ಲೇಸು. ಏನೂ ಕಾಣದೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉರಿನೋವೇ ಇದ್ದರೆ ಅದೂ ನಿಜವಾದ ಕಾಯಿಲೆ, ಮನಸ್ಸಿನ ಕಲ್ಪನೆಯಲ್ಲ. ನರದ ನೋವಿನ ಮಾತ್ರೆ, ಸ್ನಾಯು ಸಡಿಲಿಸುವ ವ್ಯಾಯಾಮ ಅದಕ್ಕೆ ಒದಗುತ್ತವೆ. ಪುಟ್ಟ ಹುಡುಗಿಯರು ರಾತ್ರಿ ಹೊತ್ತು ತುರಿಸಿಕೊಂಡರೆ ಮೊದಲು ನೆನೆಯಬೇಕಾದದ್ದು ದಾರದಂಥ ಜಂತುಹುಳು, ಅದಕ್ಕೆ ಅಲ್ಬೆಂಡಜೋಲ್ ಇದೆ. ಡೈಪರ್ ಬಿಟ್ಟ ಮಕ್ಕಳಲ್ಲಿ ಯೀಸ್ಟ್ ಸೋಂಕು ವಿರಳ, ಅದರ ಕ್ರೀಮು ಹಚ್ಚುತ್ತ ಕೂರುವುದರಲ್ಲಿ ಅರ್ಥವಿಲ್ಲ. ಲೈಕೆನ್ ಸ್ಕ್ಲೆರೋಸಸ್ಸಿನಿಂದ ಮಗುವಿನ ಚರ್ಮದಲ್ಲಿ ರಕ್ತದ ಕಲೆ ಕಂಡು ಲೈಂಗಿಕ ದೌರ್ಜನ್ಯವೆಂದು ಗಾಬರಿಯಾದ ಸಂದರ್ಭಗಳು ವೈದ್ಯಸಾಹಿತ್ಯದಲ್ಲಿವೆ. ಅಲ್ಲೂ ತಿಳಿದ ವೈದ್ಯರು ನೋಡಿದರೇ ಸಂಶಯ ಪರಿಹಾರ. ಹಾಗೆಯೇ ವಾಸಿಯಾಗದ ಹುಣ್ಣು, ಒರಟಾದ ಗಡ್ಡೆ, ರಕ್ತ ಒಸರುವ ಜಾಗ ಕಂಡರೆ ಒಂದು ತಿಂಗಳು ಕಾಯಬೇಡಿ. ಹೊರ ಜನನಾಂಗದ ಕ್ಯಾನ್ಸರ್ ಅಪರೂಪ, ಮೊದಲ ಹಂತದಲ್ಲಿ ಸಿಕ್ಕರೆ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನವರು ಗುಣವಾಗುತ್ತಾರೆ.

ಇಷ್ಟೆಲ್ಲ ಸರಿ, ತೋರಿಸುವುದು ಹೇಗೆ ಎನ್ನುತ್ತೀರಿ. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದೇ. ನಾಚಿಕೆ ಬಿಡಿ ಎಂದು ಉಪದೇಶ ಮಾಡಿದರೆ ನಾಚಿಕೆ ಹೋಗುವುದಿಲ್ಲ. ಆಸ್ಪತ್ರೆಯ ಕಡೆಯಿಂದಲೂ ತಪ್ಪಿದೆ. ಚರ್ಮ, ಗುಹ್ಯ, ಕುಷ್ಠ ಎಂದು ಮೂರನ್ನೂ ಒಂದೇ ಫಲಕದಲ್ಲಿ ಬರೆದು ನೇತುಹಾಕಿ, ಅದರ ಕೆಳಗಿನ ಬೆಂಚಿನಲ್ಲಿ ಅರವತ್ತೈದರ ಅಜ್ಜಿ ಬಂದು ಕೂರಲಿ ಎಂದರೆ ಹೇಗೆ ಕೂತಾಳು? ಆದರೆ ಪರೀಕ್ಷೆಯ ಬಗ್ಗೆ ಇರುವ ಭಯದಲ್ಲಿ ಬಹುಪಾಲು ತಿಳಿಯದ್ದರ ಭಯ. ಹೊರಭಾಗವನ್ನು ನೋಡಲು ಯಾವ ಉಪಕರಣವನ್ನೂ ಒಳಗೆ ಹಾಕಬೇಕಿಲ್ಲ. ಮದುವೆಯಾಗದ ಹುಡುಗಿಗೂ, ಮಗುವಿಗೂ ಅದರಿಂದ ಏನೂ ಆಗುವುದಿಲ್ಲ. ಒಳ್ಳೆಯ ಬೆಳಕು ಬೇಕು, ಮೂರು ನಾಲ್ಕು ನಿಮಿಷ ಬೇಕು. ವೈದ್ಯರು ಗಂಡಸಾದರೆ ನರ್ಸ್ ಜೊತೆಗಿರಲೇಬೇಕು, ಇಲ್ಲದಿದ್ದರೆ ಕರೆಸಿ ಎಂದು ಕೇಳುವ ಹಕ್ಕು ನಿಮಗಿದೆ. ಅದಕ್ಕೂ ಮೊದಲು ಮನೆಯಲ್ಲೇ ಕೈಗನ್ನಡಿ ಹಿಡಿದು ಒಮ್ಮೆ ನೀವೇ ನೋಡಿಕೊಳ್ಳಬಹುದು. ಬಣ್ಣ ಎಲ್ಲಿ ಬದಲಾಗಿದೆ, ಬಿರುಕು ಎಲ್ಲಿದೆ ಎಂದು ಗೊತ್ತಿದ್ದರೆ ವೈದ್ಯರ ಮುಂದೆ "ಕೆಳಗೆ ಏನೋ ಒಂಥರಾ" ಎನ್ನುವ ಬದಲು "ಬಲಗಡೆ ಬೆಳ್ಳಗಾಗಿದೆ, ರಾತ್ರಿ ಕಡಿಯುತ್ತದೆ" ಎನ್ನಬಹುದು. ಅಷ್ಟು ಹೇಳಿದರೆ ನೋಡದೆ ಬರೆದುಕೊಡುವುದು ಯಾವ ವೈದ್ಯರಿಗೂ ಕಷ್ಟ. ಭದ್ರಾವತಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸ್ತ್ರೀರೋಗದ ವೈದ್ಯರನ್ನು ಕೇಳಬಹುದು. ಹೆಚ್ಚಿನದು ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ, ಅದು ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ, ಚೀಲದಲ್ಲಿ ಹಾಕಿಕೊಂಡು ಹೋಗಿ.

ಆರೋಗ್ಯ ಇಲಾಖೆಯವರಿಗೂ ಒಂದು ಮಾತು. 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠಕ್ಕೆ ಅಸೆಟಿಕ್ ಆಮ್ಲ ಸವರಿ ಕ್ಯಾನ್ಸರ್ ತಪಾಸಣೆ ಮಾಡುವ ಕಾರ್ಯಕ್ರಮ ಈಗಾಗಲೇ ಇದೆ. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49ರ ವಯಸ್ಸಿನವರಲ್ಲಿ ಅಂಥ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಆ ಸಂಖ್ಯೆ ಏರಲೇಬೇಕು. ಏರಿದಾಗ, ನಾಚಿಕೆ ನುಂಗಿಕೊಂಡು ಮೇಜಿನ ಮೇಲೆ ಮಲಗಿದ ಹೆಂಗಸಿನ ಮುಂದೆ ದೀಪ ಹೊತ್ತಿರುತ್ತದೆ, ತರಬೇತಿಯಾದ ನರ್ಸ್ ಕೂತಿರುತ್ತಾಳೆ. ಉಪಕರಣವನ್ನು ಒಳಗಿಡುವ ಮೊದಲು ಹೊರಚರ್ಮದ ಮೇಲೆ ಅರ್ಧ ನಿಮಿಷ ಕಣ್ಣಾಡಿಸಿ, ಬಿಳುಪು, ಬಿರುಕು, ಹುಣ್ಣು ಇದೆಯೇ ಎಂದು ಕಾರ್ಡಿನಲ್ಲಿ ಒಂದು ಸಾಲು ಬರೆಯಲು ಹೊಸ ಯಂತ್ರವೂ ಬೇಡ, ಹೊಸ ಅನುದಾನವೂ ಬೇಡ. ಆ ಸಾಲಿಗೆ ಕಾರ್ಡಿನಲ್ಲಿ ಜಾಗವೊಂದನ್ನು ಮುದ್ರಿಸಿದರೆ ಆಯಿತು.